ನಾಲ್ಕನೇ ಟ್ರಸ್ಸು, ಒಂದು ಬಾಯಿ

ನಾಲ್ಕನೇ ಟ್ರಸ್ಸಿನ ಬಗ್ಗೆ ನನ್ನ ದಿನಚರಿಯಲ್ಲಿ ಇರುವುದು ಒಂದು, ನಾನು ಇಷ್ಟು ವರ್ಷ ಜನರಿಗೆ ಹೇಳಿಕೊಂಡು ಬಂದದ್ದು ಇನ್ನೊಂದು. ಎರಡರಲ್ಲಿ ದಿನಚರಿಯೇ ನಿಜವಿರಬೇಕು ಎಂದುಕೊಂಡಿದ್ದೆ. ಈಚೆಗೆ ಆ ಪುಟಗಳನ್ನು ಮತ್ತೆ ತೆರೆದಾಗ ನಾನು ಮರೆತೇಬಿಟ್ಟಿದ್ದ ಒಂದು ಸುಳ್ಳು ಅಲ್ಲೂ ಕಂಡಿತು, ನನ್ನದೇ ಕೈಬರಹದಲ್ಲಿ. ಹಾಗಾಗಿ ಎರಡನ್ನೂ ತಾಳೆ ಹಾಕಿ, ಒಪ್ಪಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಪ್ಪದ ಕಡೆ ಹಾಗೆಂದು ಹೇಳುತ್ತೇನೆ.

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಶನಿವಾರಸಂತೆಯಿಂದ ಕೊಡ್ಲಿಪೇಟೆಗೆ ಹೋಗುವ ದಾರಿಯಲ್ಲಿ ಒಂದು ಹೈಸ್ಕೂಲು. ಅದಕ್ಕೆ ವ್ಯಾಯಾಮದ ಹಾಲ್ ಕಟ್ಟುವ ಕೆಲಸವನ್ನು ಶಾಲೆಯ ಸಮಿತಿಯವರು ನನಗೆ ಒಪ್ಪಿಸಿದ್ದರು. ಜೂನ್ ಬಂತೆಂದರೆ ಅಲ್ಲಿಯ ಮೈದಾನದಲ್ಲಿ ನಾಟಿ ಮಾಡಬಹುದಿತ್ತು. ನಾಲ್ಕು ತಿಂಗಳು ಮಕ್ಕಳಿಗೆ ಡ್ರಿಲ್ ಇಲ್ಲ, ಆಟ ಇಲ್ಲ. ಸಮಿತಿಯ ಅಧ್ಯಕ್ಷರು ಕಾಫಿ ತೋಟದ ಯಜಮಾನರು. ಅವರದು ಒಂದೇ ಷರತ್ತು: ಹಾಲ್‌ನ ನಡುವೆ ಕಂಬ ಇರಕೂಡದು.

"ಚೆಂಡಿನ ಹಿಂದೆ ಓಡೋ ಹುಡುಗ ಕಂಬ ನೋಡ್ತಾನೇನ್ರೀ ಎಂಜಿನಿಯರೇ?" ಎಂದಿದ್ದರು.

ಕಂಬವಿಲ್ಲದೆ ಅರವತ್ತು ಅಡಿ ಅಗಲ. ಮರದ ತೊಲೆಯಿಂದ ಆಗುವ ಮಾತಲ್ಲ. ಉಕ್ಕಿನ ಪಟ್ಟಿಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿದ, ಚಾವಣಿ ಹೊರುವ ಏಳು ಟ್ರಸ್ಸುಗಳನ್ನು ಲೆಕ್ಕ ಹಾಕಿದೆ. ಅವು ಎದುರುಬದುರು ಇಟ್ಟಿಗೆ ಕಂಬಗಳ ತಲೆಯ ಮೇಲೆ ಕೂರಬೇಕು, ಮೇಲೆ ಜಿಂಕ್ ತಗಡು ಹೊದಿಸಬೇಕು. ಲೆಕ್ಕ ಕಷ್ಟವಾಗಲಿಲ್ಲ, ಕಾಲೇಜಿನಲ್ಲಿ ಕಲಿತದ್ದೇ ಅದು. ಕಷ್ಟವಾದದ್ದು ದಾರಿ. ಅರವತ್ತು ಅಡಿಯ ಉಕ್ಕು ನಮ್ಮ ರಸ್ತೆಯ ತಿರುವುಗಳಲ್ಲಿ ತಿರುಗುವುದಿಲ್ಲ. ಆದ್ದರಿಂದ ಪ್ರತಿ ಟ್ರಸ್ಸೂ ಎರಡು ಅರ್ಧಗಳಾಗಿ ಲಾರಿಯಲ್ಲಿ ಬಂತು. ಶಾಲೆಯ ಮೈದಾನದಲ್ಲೇ ಕುಲುಮೆ ಹೂಡಿ ಅವನ್ನು ರಿವೆಟ್ ಹೊಡೆದು ಕೂಡಿಸಿದೆವು.

ಕೂಡಿಸಿದ ಟ್ರಸ್ಸು ಕಂಬಗಳ ಮೇಲೆ ಕೂತಾಗ ಎಷ್ಟು ಗಟ್ಟಿಯೋ, ಹಗ್ಗದಲ್ಲಿ ತೂಗುವಾಗ ಅಷ್ಟೇ ನಾಜೂಕು. ಅದರ ಕೆಳಗಿನ ಉದ್ದದ ಪಟ್ಟಿ ಎಳೆತವನ್ನು ತಡೆಯಲು ಮಾಡಿದ್ದು, ಒತ್ತಡವನ್ನಲ್ಲ. ಎತ್ತುವಾಗ ಅದೇ ಪಟ್ಟಿಗೆ ಒತ್ತಡ ಬೀಳುತ್ತದೆ, ಬಿದಿರಿನ ಸಿಬಿರಿನಂತೆ ಬಾಗುತ್ತದೆ. ಅದಕ್ಕಾಗಿ ಪಟ್ಟಿಯ ಉದ್ದಕ್ಕೂ ದಪ್ಪ ಬಿದಿರು ಕಟ್ಟಿಸಿದ್ದೆ. ಒಂದು ಟ್ರಸ್ಸು ಕೆಟ್ಟರೆ ಇನ್ನೊಂದಿಲ್ಲ. ಉಕ್ಕು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ. ಕೊಡ್ಲಿಪೇಟೆ ದಾಟಿದರೆ ಮೈಸೂರು ರಾಜ್ಯ; ಅಲ್ಲಿಯ ಅಂಗಡಿಯಲ್ಲಿ ಕಣ್ಣೆದುರು ಬಿದ್ದಿದ್ದರೂ ನಮ್ಮ ರಾಜ್ಯದ ಪರ್ಮಿಟ್ಟಿಗೆ ಅದು ದಕ್ಕುತ್ತಿರಲಿಲ್ಲ. ಇತ್ತ ಮೇ ತಿಂಗಳು ಅರ್ಧ ಕಳೆದಿತ್ತು. ಒಂದಕ್ಕೊಂದು ಬಿಗಿಯದೆ, ತಗಡು ಹೊದಿಸದೆ ನಿಂತ ಟ್ರಸ್ಸುಗಳು ಮುಂಗಾರಿನ ಗಾಳಿಗೆ ಒಂದರ ಮೇಲೊಂದು ಮಗುಚಿಕೊಳ್ಳುತ್ತವೆ. ನಿಲ್ಲಿಸಲು ತೊಡಗಿದ ಮೇಲೆ ಮುಗಿಸಲೇಬೇಕಿತ್ತು.

ಎತ್ತುವ ಕೆಲಸಕ್ಕೆ ಮಲಬಾರಿನ ಕರಾವಳಿಯಿಂದ ಮಾಪಿಳ್ಳೆ ಖಲಾಸಿಗಳು ಬಂದಿದ್ದರು. ಹಡಗನ್ನೇ ದಡಕ್ಕೆಳೆಯುವ ಜನ. ಹಗ್ಗ, ರಾಟೆ, ಮರದ ಕಂಬ ಇವಿಷ್ಟೇ ಅವರ ಯಂತ್ರ. ಅವರ ಮುಖಂಡನನ್ನು ಅವರು ಮೂಪ್ಪನ್ ಎನ್ನುತ್ತಿದ್ದರು, ಊರಿನವರು ಕಾಕಾ ಎನ್ನುತ್ತಿದ್ದರು. ಐವತ್ತು ದಾಟಿದ, ಹೆಚ್ಚು ಮಾತಿಲ್ಲದ ಮನುಷ್ಯ. ಹಗ್ಗ ಸುತ್ತುವ ಎರಡು ಮರದ ಉರುಳೆಗಳು, ಪೂರ್ವಕ್ಕೊಂದು ಪಶ್ಚಿಮಕ್ಕೊಂದು. ಅವನ್ನು ತಿರುಗಿಸಲು ಶನಿವಾರಸಂತೆಯ ಕಡೆಯ ಆಳುಗಳು. ಅವರನ್ನು ಕರೆತಂದವನು ಗೌಡರ ಪೈಕಿಯ ಒಬ್ಬ ಮೇಸ್ತ್ರಿ. ಟ್ರಸ್ಸು ಓಲಾಡದಂತೆ ಪಕ್ಕದ ಹಗ್ಗಗಳನ್ನು ಹಿಡಿಯುವವರು ಮಾತ್ರ ಖಲಾಸಿಗಳೇ.

ವಾರದಲ್ಲಿ ಪೂರ್ತಿ ತಂಡ ಸಿಗುತ್ತಿದ್ದುದು ಐದೇ ದಿನ. ಶುಕ್ರವಾರ ಮಧ್ಯಾಹ್ನ ಖಲಾಸಿಗಳು ನಮಾಜಿಗೆ ಹೋಗುತ್ತಿದ್ದರು, ಶನಿವಾರ ಊರಿನವರು ಸಂತೆಗೆ.

"ನಿಮ್ಮ ದೇವರು ಶುಕ್ರವಾರ, ನಮ್ಮ ದೇವರು ಸಂತೆ. ಇಬ್ರಿಗೂ ಒಂದೇ ದಿನ ಮಾಡ್ಕೊಳ್ಳೋಣ ಬಾ ಕಾಕಾ," ಎಂದು ಮೇಸ್ತ್ರಿ ರೇಗಿಸುತ್ತಿದ್ದ.

"ಸಂತೇಲಿ ನೀನು ಏನು ಕುಡಿತೀಯ ಅಂತ ನಿನ್ನ ದೇವರಿಗೆ ಗೊತ್ತುಂಡಾ ಗೌಡರೇ?" ಎಂದು ಮೂಪ್ಪನ್ ಕೇಳಿದರೆ ಎರಡು ಕಡೆಯವರೂ ನಗುತ್ತಿದ್ದರು.

ಮೊದಲ ದಿನವೇ ಮೂಪ್ಪನ್ ಒಂದು ಕಟ್ಟಳೆ ಹಾಕಿದ್ದ. "ಒರು ವಾಯ್ ಮದಿ, ಸಾರೇ. ಒಂದು ಬಾಯಿ ಸಾಕು. ಎತ್ತುವಾಗ ನಾನು ಮಾತ್ರ ಕೂಗೋದು. ಸಾರಿಗೆ ಏನಾದ್ರೂ ಹೇಳೋದಿದ್ರೆ ನನಗೆ ಹೇಳಬೇಕು." ನಾನು ಒಪ್ಪಿದ್ದೆ.

ಹೀಗೆ ಮೂರು ಟ್ರಸ್ಸು ಕೂತವು. ಮೂರನೆಯದರ ಕಾಲು, ಎಂದರೆ ಕೂರುವ ತುದಿ, ಕಂಬದ ತಲೆಯ ಬೋಲ್ಟಿಗೆ ಸಿಕ್ಕಿಕೊಂಡಾಗ ಮೂಪ್ಪನ್ "ಇಳಕ್ಕ್, ಇಳಕ್ಕ್" ಎಂದು ಕೂಗಿದ. ಖಲಾಸಿಗಳು ಏನೋ ಮಾಡಿದರು, ಕಾಲು ಸರಕ್ಕನೆ ಇಳಿದು ಕೂತಿತು. ನನಗೆ ಬಹಳ ಸಂತೋಷವಾಯಿತು. ನಮ್ಮ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನೆಲೆಸಿದವರು. ಒಲೆಯ ಮೇಲಿನ ಮಡಕೆಯನ್ನು, ಗಾಡಿಯ ಮೇಲಿನ ಮೂಟೆಯನ್ನು ಕೆಳಗೆ ತೆಗೆಯುವುದಕ್ಕೆ ನಮ್ಮ ಅವ್ವ ಹೇಳುತ್ತಿದ್ದ ಮಾತೂ ಅದೇ: ಇಳ್ಕು. ಆ ಸಂಜೆ ದಿನಚರಿಯಲ್ಲಿ ಅದರ ಬಗ್ಗೆ ಎರಡು ಸಾಲು ಬರೆದೆ. ಆ ಎರಡು ಸಾಲಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಒಂದು ದಿನ ಬಿಟ್ಟು ನಾಲ್ಕನೆಯದನ್ನು ಎತ್ತಿದೆವು. ತುಂತುರು ಬೀಳುತ್ತಿತ್ತು ಎಂದು ನನ್ನ ನೆನಪು. ದಿನಚರಿಯಲ್ಲಿ "ಒಣ ಹವೆ, ಪಶ್ಚಿಮದಲ್ಲಿ ಮೋಡ, ಗಾಳಿ" ಎಂದಿದೆ. ಬಹುಶಃ ತುಂತುರನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು, ಮಳೆಯಿದ್ದರೆ ನನ್ನ ಅವಸರಕ್ಕೆ ಸ್ವಲ್ಪ ಮರ್ಯಾದೆ ಬರುತ್ತದೆಂದು.

ಪೂರ್ವದ ಕಾಲು ಮೊದಲು ಕೂತಿತು. ಅದರ ನಟ್ಟು ಬಿಗಿಸಲು ಮೂಪ್ಪನ್ ಆ ಕಂಬ ಹತ್ತಿದ. ಪಶ್ಚಿಮದ ಕಂಬದ ತಲೆಯ ಹತ್ತಿರ ಸಾರ್ವೆಯ ಹಲಗೆಯ ಮೇಲೆ ನಾನೂ ಮೇಸ್ತ್ರಿಯೂ ನಿಂತಿದ್ದೆವು. ಕಾಲನ್ನು ಬೋಲ್ಟಿನ ನೇರಕ್ಕೆ ತರಲು ಮೇಸ್ತ್ರಿಯ ಕೈಯಲ್ಲಿ ಹಾರೆ. ಟ್ರಸ್ಸಿನ ಕಾಲು ಬೋಲ್ಟುಗಳಿಂದ ನಾಲ್ಕು ಬೆರಳು ಮೇಲೆ ತೂಗುತ್ತಿತ್ತು. ಗಾಳಿ ಬಂದಾಗಲೆಲ್ಲ ಅದು ಕಂಬದಾಚೆಗೆ ಹೋಗಿ ಮತ್ತೆ ಬರುತ್ತಿತ್ತು. ಬಂದು ನೇರಕ್ಕೆ ನಿಂತ ಒಂದು ಗಳಿಗೆಯಲ್ಲಿ, ಈಗ ಬಿಟ್ಟರೆ ಸರಿಯಾಗಿ ಕೂರುತ್ತದೆ ಎನ್ನಿಸಿತು. ಮೂಪ್ಪನ್ ಅರವತ್ತು ಅಡಿ ಆಚೆ, ನಮ್ಮ ಕಡೆಗೆ ಬೆನ್ನು ಹಾಕಿದ್ದ. ನಾನು ಕಾಯಲಿಲ್ಲ. ಕೂಗಿಬಿಟ್ಟೆ.

ಉರುಳೆಯಲ್ಲಿದ್ದ ಊರಿನ ಆಳುಗಳು ಹಗ್ಗ ಬಿಟ್ಟರು. ಅದೇ ಕ್ಷಣ ಪಕ್ಕದ ಹಗ್ಗ ಹಿಡಿದ ಖಲಾಸಿಗಳು ಅದನ್ನು ಜಗ್ಗಿ ಜಗ್ಗಿ ಅಲ್ಲಾಡಿಸಿದರು. ಟ್ರಸ್ಸು ಬೀಳುತ್ತಲೂ ತೂಗುತ್ತಲೂ ಬಂದು ಕಂಬಕ್ಕೆ ಬಡಿಯಿತು. ಬಡಿದ ಸದ್ದು ಹಾಲ್‌ನ ಉದ್ದಕ್ಕೂ ಹೋಯಿತು. ಕಟ್ಟಿದ್ದ ಬಿದಿರು ಸೀಳಿತು. ಪಕ್ಕಕ್ಕೆ ನೋಡಿದರೆ ಮೇಸ್ತ್ರಿ ಇಲ್ಲ. ಹಲಗೆಯ ಕೆಳಗೆ, ಸಾರ್ವೆಯ ಗಳುವಿಗೆ ಒಂದು ಕೈಯಲ್ಲಿ ಜೋತುಬಿದ್ದಿದ್ದ. ಇನ್ನೊಂದು ತೋಳು ಅವನದಲ್ಲವೇನೋ ಎಂಬಂತೆ ನೇತಾಡುತ್ತಿತ್ತು.

ಮುಂದಿನದು ನನಗೆ ತುಣುಕು ತುಣುಕಾಗಿ ಮಾತ್ರ ನೆನಪಿದೆ. ಮೂಪ್ಪನ್ ಗೋಡೆಯ ಅಂಚಿನ ಮೇಲೇ ಓಡಿಬಂದದ್ದು, ಯಾರನ್ನೂ ಬೈಯದೆ ಒಂದೊಂದೇ ಮಾತು ಕೂಗಿ ಟ್ರಸ್ಸನ್ನು ಹಿಡಿತಕ್ಕೆ ತಂದದ್ದು, ಮೇಸ್ತ್ರಿಯನ್ನು ಇಳಿಸಿದ್ದು. ಇರುಳಾಗುವ ಮೊದಲು ಅರವತ್ತಡಿಯ ಟ್ರಸ್ಸನ್ನೂ ಮತ್ತೆ ನೆಲಕ್ಕೆ ತಂದು ಮಲಗಿಸಿದ. ನಾನು ಏನು ಮಾಡುತ್ತಿದ್ದೆ ಎಂಬುದು ದಿನಚರಿಯಲ್ಲೂ ಇಲ್ಲ. ಅಲ್ಲಿರುವುದು ಇದು: "ಇಳಿಸಿ ಎಂದು ಸ್ಪಷ್ಟವಾಗಿ ಕೂಗಿದೆ. ಖಲಾಸಿಗಳು ತಪ್ಪು ತಿಳಿದು ಹಗ್ಗ ಜಗ್ಗಿದರು."

ಮಾರನೆಯ ಬೆಳಿಗ್ಗೆ ಹೆಡ್‌ಮಾಸ್ತರರ ಕೋಣೆಯಲ್ಲಿ ಅಧ್ಯಕ್ಷರು ಕೂತಿದ್ದರು. ಮೇಜಿನ ಮೇಲೆ ಅವರೇ ಬರೆಸಿದ ಕಾಗದ: ಎಂಜಿನಿಯರ ಮಾತು ಮೀರಿ ನಡೆದದ್ದಕ್ಕಾಗಿ ಖಲಾಸಿ ತಂಡವನ್ನು ಕೆಲಸದಿಂದ ಬಿಡಿಸಲಾಗಿದೆ. ಅದಕ್ಕೆ ನನ್ನ ರುಜು ಬೇಕಿತ್ತು.

"ನನ್ನ ಎಸ್ಟೇಟಿಂದ ನಲವತ್ತು ಆಳು ಕಳಿಸ್ತೀನಿ. ಕೂಲಿ ಲೈನಿನವರೆಲ್ಲ ಬರ್ತಾರೆ. ಬಗ್ಗಿದ್ದನ್ನ ಬಡಿದು ನೆಟ್ಟಗೆ ಮಾಡ್ಸಿ, ಎತ್ತಿಬಿಡಿ. ಮಳೆ ಹೊಸಿಲಿಗೆ ಬಂದು ಕೂತಿದೆ."

ಮೂಪ್ಪನ್ ಬಾಗಿಲಾಚೆ ಜಗುಲಿಯಲ್ಲಿ ನಿಂತಿದ್ದ. ಒಳಗಿನ ಮಾತೆಲ್ಲ ಅವನಿಗೆ ಕೇಳುತ್ತಿತ್ತು. ಇಂಥ ಕಾಗದ ಒಂದು ಹೊರಬಿದ್ದರೆ ಈ ಕಡೆ ಇನ್ನು ಯಾರೂ ಅವನ ತಂಡವನ್ನು ಕರೆಯುವುದಿಲ್ಲ. ಎಸ್ಟೇಟಿನ ಆಳುಗಳು ಟ್ರಸ್ಸು ಎತ್ತಲಾರರು, ಯಾರಾದರೂ ಸಾಯುತ್ತಾರೆ. ಅದು ನನಗೂ ಗೊತ್ತಿತ್ತು. ಆದರೂ ನಾನು ಪೆನ್ನು ತೆಗೆದಿದ್ದೆ. ಇಷ್ಟು ವರ್ಷ ಹೇಳಿಕೊಂಡು ಬಂದ ಕತೆಯಲ್ಲಿ ಈ ಪೆನ್ನು ಇಲ್ಲ. ಆ ಕತೆಯಲ್ಲಿ ನಾನೇ ಎದ್ದು ನಿಂತು "ತಪ್ಪು ನನ್ನದು" ಎನ್ನುತ್ತೇನೆ.

ನಿಜವಾಗಿ ಮೊದಲು ಮಾತಾಡಿದವನು ಮೇಸ್ತ್ರಿ. ತೋಳನ್ನು ಪಂಚೆಯ ತುಂಡಿನಲ್ಲಿ ಕೊರಳಿಗೆ ಕಟ್ಟಿಕೊಂಡು ಬಂದಿದ್ದ.

"ಹೇಗಿದೆಯಯ್ಯಾ ತೋಳು?" ಎಂದರು ಅಧ್ಯಕ್ಷರು.

"ಕೀಲು ತಪ್ಪಿತ್ತು, ಕಂಪೌಂಡರು ಕೂರಿಸಿದ್ರು ಬುದ್ಧಿ. ಅವರು ಜಗ್ಗಿದ್ದಕ್ಕಿಂತ ಟ್ರಸ್ಸು ಬಡಿದಿದ್ದೇ ವಾಸಿ." ಆಮೇಲೆ ನನ್ನ ಕಡೆ ತಿರುಗಿದ. "ಸಾರ್, ಕಾಕನ ಹುಡುಗ್ರು ಮಾತು ಮೀರಿದ್ರು ಅನ್ನೋ ಕಾಗದಕ್ಕೆ ರುಜು ಹಾಕ್ತೀರಂತೆ. ನೀವು 'ಇಳ್ಕು' ಅಂದ್ರಿ. ನನ್ನ ಕಿವಿ ನಿಮ್ಮ ಬಾಯಿಗೆ ಒಂದು ಮೊಳ ಇತ್ತು."

"ಇಳಿಸಿ ಅಂದೆ," ಎಂದೆ ನಾನು.

"ಇಳ್ಕು ಅಂದ್ರಿ ಸಾರ್. ನಮ್ಮ ಹೈಕ್ಳು ಇಳ್ಕಿದ್ರು. ಕಾಕನೋರ ಊರಲ್ಲಿ ಹಂಗಂದ್ರೆ ಏನೋ, ಅವರನ್ನೇ ಕೇಳಿ."

ಮೂಪ್ಪನ್ ಜಗುಲಿಯಿಂದಲೇ ಹೇಳಿದ, ಯಾರನ್ನೂ ದೂರುವ ದನಿಯಲ್ಲಿ ಅಲ್ಲ: "ನಮ್ಮ ಮಾತಲ್ಲಿ ಕೆಳಗೆ ಬಿಡೋದಕ್ಕೆ ಇರಕ್ಕ್. ಇಳಕ್ಕ್ ಅಂದ್ರೆ ಅಲ್ಲಾಡಿಸು. ಕಾಲು ಸಿಕ್ಕಿಕೊಂಡ್ರೆ ಅಲ್ಲಾಡಿಸಿ ಬಿಡಿಸೋದು."

ಅಂದರೆ ಎರಡು ಕಡೆಯವರೂ ನನ್ನ ಮಾತನ್ನು ಕೇಳಿದ್ದರು. ಎರಡು ಕಡೆಯವರೂ ಅವರವರ ಭಾಷೆಯಲ್ಲಿ ಅದನ್ನು ಸರಿಯಾಗಿಯೇ ಪಾಲಿಸಿದ್ದರು.

ನಾನು ಒಪ್ಪಲಿಲ್ಲ. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ತಂದು ತೋರಿಸುತ್ತೇನೆ ಎಂದು ಎದ್ದೆ. ಶಾಲೆಯ ಹಿಂಭಾಗದಲ್ಲಿ ನನಗೆ ಕೊಟ್ಟಿದ್ದ ಕೋಣೆಗೆ ಹೋಗಿ, ನಿಂತಲ್ಲೇ ಪುಟ ತಿರುವಿದೆ. ಇಳಿಸಿ ಎಂದು ಬರೆದ ಪುಟ ಸಿಕ್ಕಿತು. ಅದಕ್ಕಿಂತ ಮೊದಲು ಅದರ ಹಿಂದಿನ ಪುಟ ಕಣ್ಣಿಗೆ ಬಿತ್ತು, ಮೂರನೇ ಟ್ರಸ್ಸು ಕೂತ ದಿನದ್ದು: "ಖಲಾಸಿಗಳೂ ಇಳ್ಕು ಎನ್ನುತ್ತಾರೆ! ಭಾಷೆಗಳು ಎಷ್ಟು ಹತ್ತಿರ. ಅವಸರಕ್ಕೆ ಬೇಕಾದರೆ ಎಲ್ಲರಿಗೂ ತಿಳಿಯುವ ಮಾತು ಒಂದಾದರೂ ಸಿಕ್ಕಿತು."

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಎರಡು ದಿನ ಮೊದಲೇ ನಾನು ಅದನ್ನು ಆರಿಸಿ ಇಟ್ಟುಕೊಂಡಿದ್ದೆ. ಕೇಳಿದ್ದು ಒಂದು ಸಲ, ನೋಡಿದ್ದು ಒಂದು ಸಲ; ಕಾಲು ಕೆಳಗಿಳಿದದ್ದು ಕಂಡಿತು, ಅದಕ್ಕೂ ಮೊದಲು ಅಲ್ಲಾಡಿಸಿದ್ದು ಕಾಣಲಿಲ್ಲ. ಯಾರನ್ನೂ ಕೇಳದೆ ಅರ್ಥ ಕಟ್ಟಿಕೊಂಡೆ. ಉಕ್ಕಿನ ಒಂದು ಪಟ್ಟಿಯನ್ನಾದರೆ ಹಾಗೆ ನಂಬುತ್ತಿರಲಿಲ್ಲ, ಮೂರು ಸಲ ಲೆಕ್ಕ ಹಾಕುತ್ತಿದ್ದೆ. ಪುಟವನ್ನು ಹರಿಯಬಹುದಿತ್ತು. ಆ ಯೋಚನೆ ಬಂದದ್ದು ನಿಜ.

ವಾಪಸು ಹೋಗಿ ಎರಡೂ ಪುಟಗಳನ್ನು ಗಟ್ಟಿಯಾಗಿ ಓದಿದೆ. ಓದುವಾಗ ಜಗುಲಿಯ ಕಡೆ ನೋಡಲಾಗಲಿಲ್ಲ.

ಅಧ್ಯಕ್ಷರು ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು ನಾಲ್ಕಾಗಿ ಮಡಿಸಿದರು. "ಸರಿ. ಈಗೇನು ಮಾಡ್ತೀರಿ?"

"ಮೂಪ್ಪನ್ ತಂಡವೇ ಎತ್ತಬೇಕು. ಆದರೆ ಆ ಟ್ರಸ್ಸನ್ನ ಪರೀಕ್ಷೆ ಮಾಡದೆ ಎತ್ತಲ್ಲ."

"ಎಷ್ಟು ದಿನ?"

"ನಾಲ್ಕು."

"ಆಗ ಮಳೆ ಬಂದ್ರೆ?"

"ನಿಂತಿರೋ ಮೂರನ್ನ ಇವತ್ತೇ ಬಿಗಿಸಿಬಿಡ್ತೀವಿ. ನಾಲ್ಕನೆಯದು ಕೆಟ್ಟಿದ್ರೆ ಒಂದು ಅಂಕಣ ಈ ವರ್ಷ ಬಯಲಾಗೇ ಇರುತ್ತೆ. ಕೆಟ್ಟಿದ್ದನ್ನ ಮಕ್ಕಳ ತಲೆ ಮೇಲೆ ಇಡಲ್ಲ."

ಅವರು ಮಡಿಸಿದ ಕಾಗದವನ್ನು ಜೇಬಿಗೆ ಹಾಕಿಕೊಂಡರು. "ನನ್ನ ಮೊಮ್ಮಗ ಇದೇ ಶಾಲೇಲಿ ಓದ್ತಾನೆ," ಎಂದರು. ಅದು ಒಪ್ಪಿಗೆಯೋ ಎಚ್ಚರಿಕೆಯೋ ತಿಳಿಯಲಿಲ್ಲ.

ನಾಲ್ಕು ದಿನವೂ ನಾನು ಮೋಡ ನೋಡಿಕೊಂಡೇ ಕೆಲಸ ಮಾಡಿದೆ. ಕೆಳಪಟ್ಟಿಯ ಉದ್ದಕ್ಕೂ ನೂಲು ಎಳೆದು ನೋಡಿದರೆ ನಡುವೆ ಎರಡು ಬೆರಳು ಬಾಗಿತ್ತು. ರಿವೆಟ್‌ಗಳನ್ನು ಒಂದೊಂದಾಗಿ ಸಣ್ಣ ಸುತ್ತಿಗೆಯಿಂದ ಬಡಿದೆ, ಇನ್ನೊಂದು ಬದಿಗೆ ಬೆರಳಿಟ್ಟು. ಬಿಗಿ ಇದ್ದದ್ದು ಗಂಟೆಯಂತೆ ಖಣ್ಣೆನ್ನುತ್ತದೆ, ಸಡಿಲಾದದ್ದು ಮಂಕಾಗಿ ಟಪ್ ಎಂದು ಬೆರಳಿಗೆ ತಾಗುತ್ತದೆ. ಮೂರು ಸತ್ತಿದ್ದವು. ಇನ್ನೊಂದು ರಿವೆಟ್ ಬಗ್ಗೆ ನನಗೆ ಅನುಮಾನವಿತ್ತು. ಮೂಪ್ಪನನ್ನು ಕರೆದು ಕೇಳಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿ, "ಇದೂ ಪೋಯಿ, ಸಾರೇ," ಎಂದ. ನಾಲ್ಕನ್ನೂ ಕೊರೆದು ತೆಗೆದು ಹೊಸದು ಹೊಡೆಸಿದೆ. ಬಾಗಿದ ಕಡೆ ಕುಲುಮೆಯ ಆಚಾರಿ ಇದ್ದಿಲ ಕೆಂಡದಲ್ಲಿ ಹದವಾಗಿ ಕಾಸಿ, ಬೆಣೆ ಬಡಿದು ನೂಲಿನ ನೇರಕ್ಕೆ ತಂದ.

ಆಮೇಲೆ ಟ್ರಸ್ಸನ್ನು ನೆಲದಿಂದ ಎರಡು ಅಡಿ ಮೇಲೆ ಎರಡು ತುದಿಗೂ ಮರದ ದಿಮ್ಮಿ ಕೊಟ್ಟು ನೆಟ್ಟಗೆ ನಿಲ್ಲಿಸಿದೆವು. ಅಧ್ಯಕ್ಷರ ತೋಟದಿಂದ ಕಾಫಿಯ ಗೋಣಿಚೀಲ ಬಂದವು. ಅವಕ್ಕೆ ಮರಳು ತುಂಬಿಸಿ, ತೂಗಿ, ಟ್ರಸ್ಸಿನ ಒಂದೊಂದು ಕೂಡುಗಂಟಿನಿಂದಲೂ ಇಳಿಬಿಟ್ಟೆವು. ತಗಡು, ಗಾಳಿ, ಮಳೆ ಎಲ್ಲ ಸೇರಿ ಅದು ಹೊರಬೇಕಾದ ಭಾರ, ಮೇಲೆ ಕಾಲುಭಾಗ ಹೆಚ್ಚು. ನಡುವೆ ಎಷ್ಟು ತಗ್ಗಿತೆಂದು ನೂಲಿನಿಂದ ಅಳೆದೆ. ಇಡೀ ಒಂದು ದಿನ ಚೀಲಗಳು ತೂಗುತ್ತಿದ್ದವು. ಆ ದಿನ ಮಧ್ಯಾಹ್ನ ಒಂದು ಮಳೆ ಹೊಡೆಯಿತು, ಮರಳು ನೆನೆದು ಭಾರ ಇನ್ನೂ ಹೆಚ್ಚಾಯಿತು. ನಾನು ಛತ್ರಿ ಹಿಡಿದು ನೂಲಿನ ಪಕ್ಕದಲ್ಲೇ ಕೂತಿದ್ದೆ. ಮೇಸ್ತ್ರಿ ಬಂದು, "ಸಾರ್, ನೀವು ನೋಡ್ತಾ ಕೂತ್ರೆ ಅದಕ್ಕೂ ನಾಚಿಕೆ ಆಗುತ್ತೆ," ಎಂದ. ಚೀಲಗಳನ್ನು ಬಿಚ್ಚಿದ ಮೇಲೆ ಕೆಳಪಟ್ಟಿ ಮೊದಲು ಇದ್ದಲ್ಲಿಗೇ ಮರಳಿತು. ಮೂರು ಸಲ ಅಳೆದೆ.

ಎತ್ತುವ ಬೆಳಿಗ್ಗೆ ಮೂಪ್ಪನ್ ನನ್ನ ಹತ್ತಿರ ಬಂದು ಅಂಗೈ ಚಾಚಿದ. ಅದರಲ್ಲಿ ಒಂದು ಸೀಟಿ. ಡ್ರಿಲ್ ಮಾಸ್ತರರಿಂದ ಕೇಳಿ ತಂದಿದ್ದ.

"ನಿಲ್ಲಿಸಬೇಕು ಅನ್ನಿಸಿದ್ರೆ ಸಾರ್ ಊದಬೇಕು. ಅದು ಎಲ್ಲ ಭಾಷೆಗೂ ಒಂದೇ. ಬೇರೆ ಎಲ್ಲ ನನ್ನ ಬಾಯಿ."

"ಯಾವಾಗ ಬಾಯಿಗೆ ಇಟ್ಟುಕೊಳ್ಳಲಿ?"

"ಮೊದಲಿಂದ ಕೊನೆಗೂ ಹಲ್ಲಲ್ಲೇ ಇರಬೇಕು." ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನನ್ನು ನೋಡಿ ನಕ್ಕ. "ಸೀಟಿ ಇದ್ರೆ ಮಾತು ಬರಲ್ಲ, ಸಾರೇ."

ಮೇಸ್ತ್ರಿ ಕಟ್ಟಿದ ತೋಳಿನ ಸಮೇತ ಸಾರ್ವೆ ಹತ್ತಿ ಬಂದ. ಬೇಡವೆಂದರೂ ಕೇಳಲಿಲ್ಲ. "ಎಡಗೈಲಿ ಹಾರೆ ಹಿಡೀತೀನಿ. ಆವತ್ತು ಕೂರಿಸದೆ ಬಿಟ್ಟಿದ್ದು ನಾನೇ ಕೂರಿಸ್ಬೇಕು."

ಪೂರ್ವದ ಕಾಲು ಕೂತಿತು. ಪಶ್ಚಿಮದ್ದು ಬೋಲ್ಟಿನಿಂದ ನಾಲ್ಕು ಬೆರಳು ಮೇಲೆ ಬಂದು ನಿಂತಿತು. ಅದೇ ಎತ್ತರ, ಅದೇ ಓಲಾಟ. ನೇರಕ್ಕೆ ಬಂದಾಗ ಆ ಮಾತು ಮತ್ತೆ ನನ್ನ ನಾಲಗೆಯ ತುದಿಗೆ ಬಂತು. ಅರ್ಥ ತಿಳಿದ ಮೇಲೂ ಬಂತು. ಸೀಟಿಯನ್ನು ಕಚ್ಚಿ ಹಿಡಿದೆ. ಕಾಲು ಒಮ್ಮೆ ಆಚೆಗೆ ಹೋಯಿತು, ಬಂತು. ಮತ್ತೆ ಹೋಯಿತು. ಮೂಪ್ಪನ್ ಕೆಳಗೆ ನಡುವಿನಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದ, ಕೂಗುತ್ತಿರಲಿಲ್ಲ. ಯಾಕೆ ಕೂಗುತ್ತಿಲ್ಲ ಎಂದು ಸೀಟಿಯನ್ನು ಇನ್ನೂ ಬಿಗಿಯಾಗಿ ಕಚ್ಚಿದೆ. ಮೂರನೇ ಸಲ ಬಂದಾಗ ಓಲಾಟ ತಾನಾಗಿಯೇ ಸತ್ತು, ಟ್ರಸ್ಸು ಗಾಳಿಯಲ್ಲಿ ಸುಮ್ಮನೆ ನಿಂತಿತು. ಆಗ ಅವನ ದನಿ ಬಂತು, ಮೆಲ್ಲಗೆ, ಎಳೆದು: "ಇರಕ್ಕ್..."

ಊರಿನ ಆಳುಗಳಿಗೂ ಅಷ್ಟರಲ್ಲಿ ಆ ಮಾತು ಬಂದಿತ್ತು. ಹಗ್ಗ ಬೆರಳು ಬೆರಳಾಗಿ ಬಿಟ್ಟರು. ಬೋಲ್ಟುಗಳು ತೂತಿನಲ್ಲಿ ಮೇಲೆದ್ದು ಕಂಡವು. ಮೇಸ್ತ್ರಿ ಹಾರೆಯನ್ನು ಹಲಗೆಯ ಮೇಲೆ ಇಟ್ಟು, "ಕೂತಳು ಮಾರಾಯ್ತಿ," ಎಂದ.

ಉಳಿದ ಮೂರೂ ಆ ವಾರವೇ ನಿಂತವು. ಕೊನೆಯ ತಗಡು ಹೊದಿಸುವಾಗ ಮಳೆ ಹಿಡಿದಿತ್ತು. ಸೀಟಿಯನ್ನು ಡ್ರಿಲ್ ಮಾಸ್ತರರಿಗೆ ಹಿಂತಿರುಗಿಸಿದಾಗ ಅದರ ತಗಡಿನ ಮೇಲೆ ಹಲ್ಲಿನ ಗುರುತಿತ್ತು. ಅವರು ಅದನ್ನು ತಿರುಗಿಸಿ ನೋಡಿ ಒರೆಸಿಕೊಂಡರು.

ದಿನಚರಿಯಲ್ಲಿ ಇಳಿಸಿ ಎಂದು ಬರೆದ ಸಾಲನ್ನು ನಾನು ಹೊಡೆದುಹಾಕಿಲ್ಲ, ತಿದ್ದಿಯೂ ಇಲ್ಲ. ಅದು ಹಾಗೆಯೇ ಇದೆ, ಅದರ ಹಿಂದಿನ ಪುಟವೂ ಹಾಗೆಯೇ ಇದೆ. ಟ್ರಸ್ಸು ಕೂತ ದಿನ ಬರೆದದ್ದು ಇಷ್ಟೇ, ಇದೊಂದನ್ನು ಮಾತ್ರ ನೆನಪೂ ಒಪ್ಪುತ್ತದೆ:

"ನಾಲ್ಕನೆಯದು ಕೂತಿತು. ನಾನು ಮಾತಾಡಲಿಲ್ಲ."